ವಿಕಿಯ ಗ್ರೂಪುಗಳನ್ನು ಐಡೆಂಟಿಟಿ ಗವರ್ನೆನ್ಸ್ ವೇದಿಕೆಗೆ ಒಪ್ಪಿಸುವ ಮುನ್ನ

ತಂಡದ ವಿಕಿಯನ್ನು (ಎಲ್ಲರೂ ಸೇರಿ ಬರೆದು ತಿದ್ದುವ ಪುಟಗಳ ತಾಣವನ್ನು) ಐಡೆಂಟಿಟಿ ಗವರ್ನೆನ್ಸ್ ವೇದಿಕೆಯೊಂದಕ್ಕೆ, ಅಂದರೆ ಯಾರಿಗೆ ಎಲ್ಲಿ ಪ್ರವೇಶ ಎಂಬುದನ್ನು ಒಂದೇ ಕಡೆಯಿಂದ ನಿರ್ವಹಿಸುವ ತಂತ್ರಾಂಶಕ್ಕೆ, ಜೋಡಿಸುವ ಯೋಚನೆಯಲ್ಲಿರುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಒಂದು ಪ್ರಶ್ನೆ ಕೇಳಬೇಕು: ಗ್ರೂಪಿಗೆ (ಒಂದೇ ಬಗೆಯ ಅನುಮತಿ ಪಡೆದ ಬಳಕೆದಾರರ ಗುಂಪಿಗೆ) ಒಬ್ಬರನ್ನು ಸೇರಿಸುವಾಗ, ವೇದಿಕೆಯನ್ನು ವಿಕಿಗೆ ಬೆಸೆಯುವ ಕನೆಕ್ಟರ್ ಆ ಒಬ್ಬರ ಹೆಸರನ್ನಷ್ಟೇ ಕಳುಹಿಸುತ್ತದೆಯೋ, ಇಡೀ ಸದಸ್ಯರ ಪಟ್ಟಿಯನ್ನೇ ಹೊಸದಾಗಿ ಬರೆಯುತ್ತದೆಯೋ? ನಮ್ಮಲ್ಲಿ ಅನುಷ್ಠಾನದ ಹೊಣೆ ಹೊತ್ತಿದ್ದ ಕಂಪನಿ ಇದನ್ನು ತನ್ನ ವಿನ್ಯಾಸದ ದಾಖಲೆಯಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಅದರ ಫಲವಾಗಿ ಒಂದು ಬೆಳಿಗ್ಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ವಿಕಿ ತೆರೆಯಲೇ ಇಲ್ಲ. ಅದನ್ನು ಸರಿಪಡಿಸುತ್ತೇವೆಂದು ಅದೇ ಕಂಪನಿ ಮಾಡಿದ ಕೆಲಸದಿಂದಾಗಿ ಕೆಲವು ಪುಟಗಳು ಅವನ್ನು ಬರೆದವರಿಗೇ ಸಿಗದಂತಾದವು.

ಯೋಜನೆಯ ಉದ್ದೇಶದಲ್ಲಿ ತಪ್ಪೇನೂ ಇರಲಿಲ್ಲ. ಯಾರಿಗೆ ಯಾವ ವ್ಯವಸ್ಥೆಗೆ ಪ್ರವೇಶವಿದೆ ಎಂಬುದನ್ನು ಪರಿಶೀಲಿಸಬೇಕೆಂದು ಮಾಹಿತಿ ಭದ್ರತೆಯ ಮಾನದಂಡವಾದ ಐಎಸ್ಒ 27001ರ 2022ರ ಆವೃತ್ತಿಯೂ ಅನುಬಂಧ ಎ 5.18ರಲ್ಲಿ ಹೇಳುತ್ತದೆ, ಆಡಿಟರುಗಳು ಅದನ್ನೇ ಕೇಳಿದ್ದರು. ವಿಕಿಯ ಖಾತೆಗಳೂ ಗ್ರೂಪುಗಳೂ ವೇದಿಕೆಗೆ ಬಂದರೆ ಹೊಸಬರಿಗೆ ತಾನಾಗಿ ಪ್ರವೇಶ ಸಿಗುತ್ತದೆ, ಕೆಲಸ ಬಿಟ್ಟವರ ಪ್ರವೇಶ ತಾನಾಗಿ ನಿಲ್ಲುತ್ತದೆ ಎಂಬುದು ನಿರೀಕ್ಷೆಯಾಗಿತ್ತು.

ಇಂಥ ಜೋಡಣೆಗೆ ಸಾಮಾನ್ಯವಾಗಿ ಬಳಸುವುದು ಸ್ಕಿಮ್ (SCIM) 2.0 ಎಂಬ, ಖಾತೆ ಮತ್ತು ಗ್ರೂಪುಗಳ ಮಾಹಿತಿಯನ್ನು ವ್ಯವಸ್ಥೆಗಳ ನಡುವೆ ಸಾಗಿಸುವ ಮಾನದಂಡ. 2015ರಲ್ಲಿ ಪ್ರಕಟವಾದ, ಇಂಟರ್ನೆಟ್ ಮಾನದಂಡಗಳ ದಾಖಲೆಗಳಾದ ಆರ್‌ಎಫ್‌ಸಿ 7643 ಮತ್ತು 7644 ಅದನ್ನು ವಿವರಿಸುತ್ತವೆ. ಗ್ರೂಪನ್ನು ಬದಲಿಸಲು ಅದರಲ್ಲಿ ಎರಡು ದಾರಿಗಳಿವೆ. ಪ್ಯಾಚ್ (PATCH) ಮೂಲಕ ಒಬ್ಬ ಸದಸ್ಯರನ್ನು ಸೇರಿಸಬಹುದು ಅಥವಾ ತೆಗೆಯಬಹುದು. ಉಳಿದವರ ಗೊಡವೆಗೆ ಅದು ಹೋಗುವುದಿಲ್ಲ. ಪುಟ್ (PUT) ಹಾಗಲ್ಲ. ಅದು ಕಳುಹಿಸಿದ ಪಟ್ಟಿಯನ್ನೇ ಪೂರ್ತಿ ಪಟ್ಟಿಯೆಂದು ಭಾವಿಸಿ, ಹಳೆಯದರ ಜಾಗದಲ್ಲಿ ಅದನ್ನು ಇಡುತ್ತದೆ. ನಮ್ಮ ಕನೆಕ್ಟರ್ ಬಳಸುತ್ತಿದ್ದುದು ಪುಟ್ ದಾರಿಯನ್ನು: ವಿಕಿಯಿಂದ ಆಗಿನ ಪಟ್ಟಿಯನ್ನು ಓದಿ, ಹೊಸಬರನ್ನು ಸೇರಿಸಿ, ಇಡಿಯಾಗಿ ಮರಳಿ ಬರೆಯುತ್ತಿತ್ತು. ಓದುವ ಪಟ್ಟಿ ಪೂರ್ತಿಯಾಗಿದ್ದರೆ ಅದರಿಂದಲೂ ತೊಂದರೆಯಿಲ್ಲ. ಆದರೆ ವಿಕಿ ತನ್ನ ಸದಸ್ಯರ ಪಟ್ಟಿಯನ್ನು ಒಮ್ಮೆಗೇ ಕೊಡುವುದಿಲ್ಲ, ಒಂದು ಪುಟಕ್ಕೆ ಕೆಲವು ಹೆಸರುಗಳಂತೆ ಪುಟಪುಟವಾಗಿ ಕೊಡುತ್ತದೆ. ಕೋರಿಕೆಗಳು ಅತಿಯಾದಾಗ 429 ಎಂಬ ಉತ್ತರ ಕೊಟ್ಟು ಸ್ವಲ್ಪ ಹೊತ್ತು ಕಾಯಲು ಹೇಳುತ್ತದೆ. ಕನೆಕ್ಟರ್ ಕಾಯಲಿಲ್ಲ, ದೋಷವೆಂದು ನಿಲ್ಲಲೂ ಇಲ್ಲ. ಅಲ್ಲಿಯವರೆಗೆ ಸಿಕ್ಕಷ್ಟನ್ನೇ ಇಟ್ಟುಕೊಂಡು ಓದು ಯಶಸ್ವಿ ಎಂದು ಬರೆದುಕೊಂಡಿತು.

ಲಾಗ್ (ಕೋರಿಕೆಗಳ ದಾಖಲೆ) ತೆರೆದಾಗ ಕಂಡದ್ದು ಇಷ್ಟು. ಓದುಗರ ಗ್ರೂಪಿಗೆ ಹೊಸ ಸಹೋದ್ಯೋಗಿಯೊಬ್ಬರನ್ನು ಸೇರಿಸಲು ಬಂದಿದ್ದ ಒಂದು ಪುಟ್ ಕೋರಿಕೆ. ಅದರ ಸದಸ್ಯರ ಪಟ್ಟಿಯಲ್ಲಿ ಮೊದಲ ಪುಟದ 100 ಸದಸ್ಯರ ಗುರುತುಗಳು (ಐಡಿ), ಅವುಗಳ ಕೆಳಗೆ ಹೊಸಬರದೊಂದು, ಅಲ್ಲಿಗೆ ಪಟ್ಟಿಯ ಆವರಣ ಮುಚ್ಚಿತ್ತು. ವಿಕಿಯ ಉತ್ತರ 200, ಅಂದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಉಳಿದ ಸದಸ್ಯರನ್ನು ಯಾರೂ ತೆಗೆದಿರಲಿಲ್ಲ, ಆದ್ದರಿಂದ ತೆಗೆದುಹಾಕಿದ ದಾಖಲೆಯೂ ವೇದಿಕೆಯಲ್ಲಿ ಇರಲಿಲ್ಲ. ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇತ್ತು. ಸಹಾಯವಾಣಿಗೆ ದೂರುಗಳ ಮೇಲೆ ದೂರುಗಳು ಬರುತ್ತಿರುವಾಗಲೂ ಕಂಪನಿಯ ತಂತ್ರಜ್ಞರು ಅದೇ ಹಸಿರು ಪರದೆಯನ್ನು ತೋರಿಸಿ, ತೊಂದರೆ ನಿಮ್ಮ ವಿಕಿಯಲ್ಲಿಯೇ ಇರಬೇಕು ಎಂದು ವಾದಿಸಿದರು.

ಪರೀಕ್ಷೆಯಲ್ಲಿ ಇದು ಏಕೆ ಸಿಕ್ಕಿಬೀಳಲಿಲ್ಲ ಎಂದು ಕೇಳುವವರಿಗೆ ಉತ್ತರ ಸರಳವಾಗಿದೆ. ಪರೀಕ್ಷಾ ವಿಕಿಯಲ್ಲಿ ಕಂಪನಿ ಸೃಷ್ಟಿಸಿದ್ದ ಗ್ರೂಪುಗಳೆಲ್ಲ ಒಂದೇ ಪುಟದಲ್ಲಿ ಹಿಡಿಯುವಷ್ಟು ಚಿಕ್ಕವು. ಎರಡನೆಯ ಪುಟವೇ ಇಲ್ಲದ ಕಡೆ ಎರಡನೆಯ ಪುಟ ತಪ್ಪಿಹೋಗುವ ಸಂಭವವೂ ಇರುವುದಿಲ್ಲ.

ಇಲ್ಲಿಯವರೆಗಿನದು ಸರಿಪಡಿಸಬಹುದಾದ ಹಾನಿ, ಏಕೆಂದರೆ ಬ್ಯಾಕಪ್‌ನಿಂದ ಹಳೆಯ ಸದಸ್ಯರ ಪಟ್ಟಿಯನ್ನು ತೆಗೆದು ಗ್ರೂಪಿಗೆ ಮತ್ತೆ ಸೇರಿಸಿದ್ದರೆ ಸಾಕಾಗಿತ್ತು. ಆದರೆ ಕಂಪನಿಯವರು ನಮ್ಮ ವಿಕಿ ಅಡ್ಮಿನ್‌ಗಳನ್ನು ಕೇಳದೆ, ಪ್ರವೇಶ ಕಳೆದುಕೊಂಡವರ ಖಾತೆಗಳನ್ನು ಅಳಿಸಿ ವೇದಿಕೆಯಿಂದ ಮತ್ತೆ ಸೃಷ್ಟಿಸಿದರು. ಸ್ಕಿಮ್ ನಿಯಮದ ಪ್ರಕಾರ ಪ್ರತಿ ಖಾತೆಗೂ ಬದಲಾಗದ, ಇನ್ನೊಬ್ಬರಿಗೆ ಮರಳಿ ಕೊಡಲಾಗದ ಒಂದು ಗುರುತು ಇರಬೇಕು. ಹೀಗಾಗಿ ಅಳಿಸಿ ಸೃಷ್ಟಿಸಿದ ಖಾತೆ ಹೆಸರಿನಲ್ಲಿ, ಇಮೇಲ್‌ನಲ್ಲಿ ಹಳೆಯದರಂತೆಯೇ ಕಂಡರೂ ವಿಕಿಯ ಪಾಲಿಗೆ ಅದು ಬೇರೆಯೇ ವ್ಯಕ್ತಿ. ಪುಟಗಳ ಮೇಲೆ ಹಾಕಿದ್ದ ನಿರ್ಬಂಧಗಳು ಹಳೆಯ ಗುರುತಿಗೆ ಅಂಟಿಕೊಂಡೇ ಉಳಿದವು. ಇಬ್ಬರೇ ತಿದ್ದಬಹುದಾಗಿದ್ದ ಒಂದು ತುರ್ತು ದುರಸ್ತಿಯ ಕೈಪಿಡಿಯಲ್ಲಿ, ಆ ಇಬ್ಬರ ಹೆಸರುಗಳ ಜಾಗದಲ್ಲಿ "ಅಳಿಸಲಾದ ಬಳಕೆದಾರ" ಎಂಬ ಎರಡು ಸಾಲುಗಳು ಮಾತ್ರ ಕಾಣುತ್ತಿದ್ದವು. ಅಂಥ ಪುಟಗಳನ್ನು ಅಡ್ಮಿನ್‌ಗಳು ಒಂದೊಂದಾಗಿ ಹುಡುಕಿ ಬಿಡಿಸಬೇಕಾಯಿತು, ಯಾರೂ ದೂರು ಕೊಡದ ಪುಟಗಳು ಇನ್ನೂ ಹಾಗೆಯೇ ಇರಬಹುದು. ಖಾತೆಯನ್ನು ಅಳಿಸುವ ಬದಲು ಅದರ ಸಕ್ರಿಯ ಸ್ಥಿತಿಯನ್ನು ತೆಗೆದು ಮತ್ತೆ ಹಾಕುವ ಸೌಲಭ್ಯ ಅದೇ ಮಾನದಂಡದಲ್ಲಿದೆ ಎಂಬುದು ವೇದಿಕೆಯನ್ನು ಮಾರುವವರಿಗೆ ತಿಳಿದಿರಲೇಬೇಕಾದ ವಿಷಯ.

ಇನ್ನೊಂದು ತೊಂದರೆ ಇಷ್ಟು ಗದ್ದಲವೆಬ್ಬಿಸದೆ ಬಂದಿತು. ವೇದಿಕೆಗೆ ಕಾಣುವುದು ಗ್ರೂಪು ಮತ್ತು ಅದರ ಸದಸ್ಯರು ಮಾತ್ರ. ವಿಕಿಯಲ್ಲಿ ನಿಜವಾದ ಅನುಮತಿಗಳು ಇರುವುದಾದರೂ ಸ್ಪೇಸ್ (ಪುಟಗಳನ್ನು ಒಟ್ಟುಗೂಡಿಸಿದ ವಿಭಾಗ) ಮತ್ತು ಪುಟಗಳ ಮಟ್ಟದಲ್ಲಿ, ಮತ್ತು ಅಲ್ಲಿ ಗ್ರೂಪನ್ನು ದಾಟಿ ವ್ಯಕ್ತಿಗೇ ನೇರವಾಗಿ ಅನುಮತಿ ಕೊಡಬಹುದು. ಹಳೆಯ ವಿಕಿಗಳಲ್ಲಿ ಹೀಗೆ ಕೊಟ್ಟದ್ದೇ ಹೇರಳವಾಗಿರುತ್ತದೆ. ಪ್ರವೇಶ ಪರಿಶೀಲನೆಯ ಸುತ್ತು ಆರಂಭವಾದಾಗ ಮ್ಯಾನೇಜರುಗಳ ಮುಂದೆ ಬಂದದ್ದು ಅರ್ಥವಾಗದ ಗ್ರೂಪ್ ಹೆಸರುಗಳ ಉದ್ದನೆಯ ಪಟ್ಟಿ. ಆ ಗ್ರೂಪು ಯಾವ ಸ್ಪೇಸ್ ತೆರೆಯುತ್ತದೆ, ಓದಲೋ ತಿದ್ದಲೋ, ಒಂದೂ ಅಲ್ಲಿರಲಿಲ್ಲ. ಸಹಜವಾಗಿಯೇ ಹೆಚ್ಚಿನವರು ಎಲ್ಲವನ್ನೂ ಆಯ್ಕೆಮಾಡಿ ಒಪ್ಪಿಗೆ ಒತ್ತಿದರು. ಒತ್ತದೇ ಬಿಟ್ಟವರ ತಂಡಗಳಿಗೆ ಗಡುವು ಮುಗಿದೊಡನೆ ಪ್ರವೇಶ ರದ್ದಾಯಿತು, ಏಕೆಂದರೆ ಉತ್ತರ ಬಾರದಿದ್ದರೆ ರದ್ದುಮಾಡು ಎಂಬುದನ್ನೇ ಕಂಪನಿ ಪೂರ್ವನಿಯೋಜಿತ ಆಯ್ಕೆಯಾಗಿ ಇಟ್ಟಿತ್ತು. ಆಡಿಟರುಗಳ ಕೈಗೆ ಹೋದ ವರದಿಯಲ್ಲಿ ಇದೆಲ್ಲ ಪರಿಶೀಲನೆ ಪೂರ್ಣಗೊಂಡಿದೆ ಎಂಬ ಒಂದು ಸಾಲಾಯಿತು. ಪರಿಶೀಲನೆಯೇ ಇಲ್ಲದಿರುವುದಕ್ಕಿಂತ ಇಂಥ ವರದಿ ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ.

ವೈಯಕ್ತಿಕ ಎಪಿಐ ಟೋಕನ್‌ಗಳ ಬಗ್ಗೆಯೂ ಒಂದು ಮಾತು: ಸಿಂಗಲ್ ಸೈನ್ ಆನ್ (ಒಂದೇ ಲಾಗಿನ್ ಮೂಲಕ ಹಲವು ವ್ಯವಸ್ಥೆಗಳಿಗೆ ಪ್ರವೇಶ) ನಿಂತ ಮಾತ್ರಕ್ಕೆ ವಿಕಿಯೊಳಗೆ ಸೃಷ್ಟಿಯಾದ ಟೋಕನ್ (ಪ್ರೋಗ್ರಾಮುಗಳು ವಿಕಿಯನ್ನು ಬಳಸಲು ಕೊಡುವ ಗುಪ್ತ ಕೀಲಿ) ಸಾಯುತ್ತದೆಂದು ನಂಬಬೇಡಿ, ಒಬ್ಬರ ಖಾತೆಯಲ್ಲಿ ಪರೀಕ್ಷಿಸಿಯೇ ನೋಡಿ.

ಈ ದಾರಿಯಲ್ಲಿ ಹೊರಟವರು ಕನೆಕ್ಟರ್‌ಗೆ ಆರಂಭದಲ್ಲಿ ಓದುವ ಹಕ್ಕನ್ನು ಮಾತ್ರ ಕೊಡಿ. ಪರೀಕ್ಷಾ ವಿಕಿಯಲ್ಲಿ ಹಲವು ಪುಟಗಳಷ್ಟು ದೊಡ್ಡ ಗ್ರೂಪನ್ನು ಸೃಷ್ಟಿಸಿ, ಬೇಕೆಂದೇ 429 ಬರುವಂತೆ ಮಾಡಿ, ಕನೆಕ್ಟರ್ ನಿಲ್ಲುತ್ತದೆಯೋ ಮುಂದುವರಿಯುತ್ತದೆಯೋ ಎಂದು ಕಣ್ಣಾರೆ ನೋಡಿ. ಒಂದು ಬಾರಿಗೆ ಇಷ್ಟಕ್ಕಿಂತ ಹೆಚ್ಚು ಸದಸ್ಯರು ಕಡಿಮೆಯಾದರೆ ಬರೆಯದೆ ನಿಲ್ಲಬೇಕು ಎಂಬ ಮಿತಿಯನ್ನು ಒಪ್ಪಂದದಲ್ಲಿಯೇ ಸೇರಿಸಿ, ಖಾತೆ ಅಳಿಸುವ ಹಕ್ಕನ್ನು ಯಾವ ಹಂತದಲ್ಲಿಯೂ ಕೊಡಬೇಡಿ. ಸ್ಪೇಸ್ ಮತ್ತು ಪುಟಗಳ ಅನುಮತಿಗಳ ಪ್ರತಿಯನ್ನು ಜೋಡಣೆಗೆ ಮೊದಲೇ ವಿಕಿಯಿಂದ ತೆಗೆದಿಟ್ಟುಕೊಳ್ಳಿ.

ಪುಟ್ ಬದಲು ಪ್ಯಾಚ್ ಬಳಸುವ ಆವೃತ್ತಿಯನ್ನು ಕೊಡುವುದಾಗಿ ಕಂಪನಿ ಹೇಳಿದೆ, ಇನ್ನೂ ಕೊಟ್ಟಿಲ್ಲ. ಅದು ಬರುವವರೆಗೆ ಕನೆಕ್ಟರ್ ಓದುವುದಷ್ಟನ್ನೇ ಮಾಡುತ್ತದೆ, ಗ್ರೂಪಿಗೆ ಸೇರಿಸುವ ಮತ್ತು ತೆಗೆಯುವ ಕೆಲಸವನ್ನು ವಿಕಿ ಅಡ್ಮಿನ್‌ಗಳು ಮೊದಲಿನಂತೆ ಕೈಯಾರೆ ಮಾಡುತ್ತಿದ್ದಾರೆ.