ಕಾಳಿ ಸೇತುವೆ ಬರೋದರೊಳಗೆ ಡಬ್ಬಿ ಖಾಲಿ: ಮಗಳ 14 ವಾರದ ಡೇ ಕೇರ್

ಮಡಗಾಂವ್ ಆಸ್ಪತ್ರೆಯ ಡೇ ಕೇರ್‌ಗೆ, ಅಂದರೆ ಹಗಲಷ್ಟೇ ಇದ್ದು ಪಡೆಯುವ ಚಿಕಿತ್ಸೆಗೆ, ಸ್ಟಾರ್ 3. ಐದೂ ಕೊಡುವ ಮನಸ್ಸಿತ್ತು, ಎರಡು ಯಾಕೆ ಹೋಯ್ತು ಅಂತ ಮುಂದೆ ಹೇಳ್ತೇನೆ.

ಮಗಳು ಊಟ ಬಿಡುತ್ತಿದ್ದದ್ದು ನಮಗೆ ತಿಳಿಯಲೇ ಇಲ್ಲ. ಸೋಮವಾರ, ಸಂಕಷ್ಟಿ, ಏಕಾದಶಿ ಅಂತ ಶುರುವಾಯಿತು. ಮೊಮ್ಮಗಳ ಭಕ್ತಿ ಕಂಡು ಅತ್ತೆಯವರಿಗೆ ಖುಷಿಯೋ ಖುಷಿ. ಮುಟ್ಟು ನಿಂತು, ನಾಡಿ 44ಕ್ಕೆ ಇಳಿದಾಗ ಡಾಕ್ಟರು ಅನೊರೆಕ್ಸಿಯಾ ಅಂದರು, ದಪ್ಪಗಾಗುವ ಭಯಕ್ಕೆ ಊಟವನ್ನೇ ಬಿಡುವ ಮನಸ್ಸಿನ ಕಾಯಿಲೆ. ಮೊದಲು 10 ದಿನ ವಾರ್ಡು. ಹಸಿದು ಹಸಿದು ಒಣಗಿದ ಮೈಗೆ ಒಮ್ಮೆಲೇ ಊಟ ತುಂಬಿದರೆ ಹೃದಯಕ್ಕೇ ಅಪಾಯವಂತೆ, ಹಾಗಾಗಿ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ನೋಡುತ್ತ ಮೆಲ್ಲಗೆ ಏರಿಸಿದರು. ಆಮೇಲೆ ಡೇ ಕೇರ್: ಬೆಳಿಗ್ಗೆ ಕಾರವಾರದಿಂದ ರೈಲು ಹತ್ತಿ ಮಡಗಾಂವ್, ಸಂಜೆ ವಾಪಸ್.

ಕೌನ್ಸೆಲಿಂಗ್, ಡಯಟ್ ಚಾರ್ಟ್ ಎಲ್ಲ ಇದ್ದದ್ದೇ. ನನಗೆ ಹಿಡಿಸಿದ್ದು ಊಟದ ಮೇಜು. ನರ್ಸ್ ಪಕ್ಕದಲ್ಲೇ ಕೂತು ಅದನ್ನೇ ಉಣ್ಣುತ್ತಾರೆ, ಊಟದ ಸುದ್ದಿ ಒಂದು ಬಿಟ್ಟು ಬೇರೆಲ್ಲ ಮಾತಾಡುತ್ತಾರೆ. ತಿಂದದ್ದನ್ನು ಕಕ್ಕಿ ಬರಬಾರದು ಅಂತ ಉಂಡಾದ ಮೇಲೆ ಅರ್ಧ ತಾಸು ಯಾರೂ ಬಾತ್‌ರೂಮಿಗೆ ಹೋಗುವಂತಿಲ್ಲ, ಹಾಲ್‌ನಲ್ಲಿ ಇಸ್ಪೀಟು. ತೂಕ ನೋಡುವಾಗ ಅವಳು ಮುಳ್ಳಿಗೆ ಬೆನ್ನು ಹಾಕಿ ನಿಲ್ಲಬೇಕು.

ಸಂಜೆಯ ತಿಂಡಿ ಮಾತ್ರ ನನ್ನ ಪಾಲು, ಅದೂ ರೈಲಿನಲ್ಲಿ. "ತಿನ್ನು ಅನ್ನಬೇಡಿ, ನೀವೂ ತಿನ್ನಿ" ಅಂತ ಹೇಳಿ ಕಳಿಸಿದ್ದರು. ಕಾರವಾರ ಮುಟ್ಟುವ ಮುಂಚಿನ ಕಾಳಿ ನದಿಯ ಸೇತುವೆ ಬರೋದರೊಳಗೆ ಡಬ್ಬಿ ಖಾಲಿ ಆಗಬೇಕು ಅಂತ ನಾವಿಬ್ಬರೂ ಮಾಡಿಕೊಂಡ ಕರಾರು. ಮೊದಮೊದಲು ಬಾಳೆಹಣ್ಣನ್ನು ನಾಲ್ಕಾಣೆ ಬಿಲ್ಲೆಯಷ್ಟು ತುಂಡು ಮಾಡಿ ಒಂದೊಂದೇ ಬಾಯಿಗೆ. ಸೇತುವೆಗೆ ಮೊದಲಿನ ಸ್ಟೇಷನ್ ಅಸ್ನೋಟಿ ಬಂದರೂ ಶಿರಾ ಹಾಗೇ ಇರುತ್ತಿತ್ತು. ನಾನು ಕಿಟಕಿ ಕಡೆ ನೋಡುತ್ತ ಹಲ್ಲು ಕಚ್ಚಿ ಕೂರುತ್ತಿದ್ದೆ.

ಇನ್ನು ಆ ಎರಡು ಸ್ಟಾರ್. ವಿಮೆಯವರು ವಾರ್ಡಿನ 10 ದಿನಕ್ಕೆ ದುಡ್ಡು ಕೊಟ್ಟರು, 14 ವಾರಕ್ಕೆ ಕೊಡಲಿಲ್ಲ. "24 ತಾಸು ಅಡ್ಮಿಟ್ ಆಗಿಲ್ಲ." ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಯಂತೆಯೇ ವಿಮೆ ಇರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ರಾತ್ರಿ ಮನೆಗೆ ಬಂದು ಮಲಗಿದ್ದೇ ನಮ್ಮ ತಪ್ಪು! ಸೇರಿಸಿಕೊಳ್ಳುವಾಗ ಆಸ್ಪತ್ರೆಯವರು ಇದರ ಬಗ್ಗೆ ತುಟಿ ಬಿಚ್ಚಲಿಲ್ಲ. ಬಳೆ ಅಡ ಇಟ್ಟಿದ್ದೇವೆ. ನೀವು ಹೋಗುವುದಾದರೆ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ಭಾನುವಾರ ಬೇರೆ ಬಾಗಿಲು ಹಾಕಿರುತ್ತದೆ. ಆ ದಿನ ನಮ್ಮ ಮನೆಯಲ್ಲಿ ಯುದ್ಧ.

ಹನ್ನೊಂದನೇ ವಾರ, ಅಸ್ನೋಟಿಗೂ ಮುಂಚೆ ಬರುವ ಕಾಣಕೋಣ ದಾಟುವ ಮೊದಲೇ ಅವಳ ಡಬ್ಬಿ ಮುಚ್ಚಿತ್ತು. ನನ್ನದನ್ನು ನೋಡಿ, "ಆಯಿ, ನಿಂದು ಹಾಂಗೇ ಉಂಟಲ್ಲ?" ಅಂದಳು. ಸಣ್ಣಗಾಗಬೇಕು ಅಂತ ನಾನು ರಾತ್ರಿ ಅನ್ನ ಬಿಟ್ಟು ಎರಡು ವರ್ಷವಾಗಿತ್ತು. ಸೇತುವೆ ಬರುವಷ್ಟರಲ್ಲಿ ತಿಂದು ಮುಗಿಸಿದೆ.