ಶಾಂಪೂ: ಬಾಟಲಿಯೋ, ಬಿಲ್ಲೆಯೋ, ಮರುಪೂರಣದ ಪೊಟ್ಟಣವೋ?

ದ್ರವ ಶಾಂಪೂವಿನಲ್ಲಿ ಬಹುಪಾಲು ನೀರೇ. ಆ ನೀರನ್ನು ಹಿಡಿದಿಡಲು ಪ್ಲಾಸ್ಟಿಕ್ ಬಾಟಲಿ, ಕೆಡದಂತೆ ಕಾಯಲು ಸಂರಕ್ಷಕಗಳು, ಸಾಗಿಸಲು ಹೆಚ್ಚು ಇಂಧನ. ಬಿಲ್ಲೆ, ಅಂದರೆ ಸೋಪಿನಂತೆ ಗಟ್ಟಿಯಾದ ಶಾಂಪೂ, ಗೆಲ್ಲುವುದು ಇಲ್ಲಿಯೇ: ನೀರು ತೀರಾ ಕಡಿಮೆ, ಸುತ್ತಲು ಕಾಗದವಿದ್ದರೆ ಸಾಕು.

ಆದರೆ ಕೊಳ್ಳುವ ಮುನ್ನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಎಣ್ಣೆ ಮತ್ತು ಕ್ಷಾರದಿಂದ ಮಾಡಿದ ಸಾಬೂನಿನ ಬಿಲ್ಲೆಯ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸಾಮಾನ್ಯವಾಗಿ 9ರಿಂದ 10ರಷ್ಟಿರುತ್ತದೆ, ಅಂದರೆ ಕ್ಷಾರೀಯ. ಗಡಸು ನೀರಿನಲ್ಲಿ ಅದು ಕೂದಲ ಮೇಲೆ ಮೇಣದಂತಹ ಜಿಗುಟನ್ನು ಉಳಿಸುತ್ತದೆ. ‘ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್’ ಎಂಬ ನಾಲಿಗೆ ತೊಡರುವ ಹೆಸರು ಕಂಡರೆ ಗಾಬರಿ ಬೇಡ, ಅದು ಸೌಮ್ಯವಾದ ಶುದ್ಧಿಕಾರಕ. ಬಿಲ್ಲೆಯನ್ನು ನೀರು ನಿಂತ ತಟ್ಟೆಯಲ್ಲಿ ಬಿಟ್ಟರೆ ಮಾತ್ರ ಕರಗಿ ಮುದ್ದೆಯಾಗುತ್ತದೆ. ಆಗ ಉಳಿತಾಯವೂ ಚರಂಡಿ ಸೇರಿತೆನ್ನಿ.

ಮರುಪೂರಣದ ಪೊಟ್ಟಣಕ್ಕೆ ಬಾಟಲಿಗಿಂತ ಕಡಿಮೆ ಪ್ಲಾಸ್ಟಿಕ್ ಸಾಕು. ಆದರೆ ಬೇರೆ ಬೇರೆ ವಸ್ತುಗಳ ಪದರಗಳನ್ನು ಅಂಟಿಸಿದ್ದರೆ ಅದನ್ನು ಕರಗಿಸಿ ಮರುಬಳಕೆ ಮಾಡುವುದು ಕಷ್ಟ. ಹಳೆಯ ಬಾಟಲಿಯನ್ನು ನಿಜಕ್ಕೂ ಮತ್ತೆ ಮತ್ತೆ ತುಂಬಿಸಿಕೊಳ್ಳುವವರಿಗೆ ಇದು ಸರಿ.

ಗಾಜು ನೋಡಲು ಸಭ್ಯ. ಕರಗಿಸಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು, ಭಾರವೂ ಹೆಚ್ಚು. ಒಮ್ಮೆ ಬಳಸಿ ಎಸೆಯುವುದಾದರೆ ನಾನಂತೂ ಅದನ್ನು ಹಸಿರೆನ್ನಲಾರೆ.

ಬಾಟಲಿಯೇ ಬೇಕೆನ್ನುವವರು ಕಪ್ಪು ಬಣ್ಣದ್ದನ್ನು ಬಿಡಿ; ಇಂಗಾಲದ ಕಪ್ಪು (ಕಾರ್ಬನ್ ಬ್ಲ್ಯಾಕ್) ಬೆರೆತ ಪ್ಲಾಸ್ಟಿಕ್ಕನ್ನು ತ್ಯಾಜ್ಯ ವಿಂಗಡಿಸುವ ಅವಕೆಂಪು (ಇನ್‌ಫ್ರಾರೆಡ್) ಸಂವೇದಕಗಳು ಗುರುತಿಸುವುದಿಲ್ಲ. ಪಂಪಿನೊಳಗೆ ಲೋಹದ ಸ್ಪ್ರಿಂಗ್ ಇರುವುದುಂಟು, ಅದು ಮರುಬಳಕೆಗೆ ತೊಡಕು, ಹಾಗಾಗಿ ಸಾದಾ ಮುಚ್ಚಳವೇ ಮೇಲು.

ನನ್ನ ಮತ ಬಿಲ್ಲೆಗೆ. ಯಾವುದನ್ನೇ ಆರಿಸಿದರೂ ತಲೆ ತೊಳೆಯುವ ನೀರು ಕಾಯಿಸಲು ಬೇಕಾಗುವ ಶಕ್ತಿಯ ಲೆಕ್ಕ ಬೇರೆಯೇ ಇದೆ, ಅದು ಹಲವು ಸಲ ಬಾಟಲಿಯದ್ದಕ್ಕಿಂತ ದೊಡ್ಡದು.