ಮಿಲಿಟರಿ ಅಪ್ಪನ ನೆನಪು ರೆಕಾರ್ಡ್ ಮಾಡಿಸಿದೆವು: ಕಲಬುರಗಿಯ ಒಂದು ಝೆರಾಕ್ಸ್ ಅಂಗಡಿ ಬಗ್ಗೆ

ರೆಕಾರ್ಡಿಂಗ್‌ಗೆ ಐದಕ್ಕೆ ಐದು. ಪುಸ್ತಕಕ್ಕೆ ಎರಡೂವರೆ, ಅದೂ ಸ್ವಲ್ಪ ಜಾಸ್ತಿಯೇ ಆಯಿತು.

ಅಂಗಡಿ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿದೆ. ಬೋರ್ಡ್ ಮೇಲೆ ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ಅಂತ ಬರೆದಿದೆ ಬಿಟ್ಟರೆ ಹೆಸರೇ ಇಲ್ಲ. ಮಿಲಿಟರಿ ಪಿಂಚಣಿ ತೊಗೊಳ್ಳುವ ಯಾರನ್ನಾದರೂ ಕೇಳಿ, ತೋರಿಸುತ್ತಾರೆ. ಯಾಕೆಂದರೆ ನವೆಂಬರ್ ಬಂತೆಂದರೆ ಮಾಜಿ ಸೈನಿಕರೆಲ್ಲ ಅಲ್ಲೇ ಇರುತ್ತಾರೆ. ನಾನಿನ್ನೂ ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ಕೊಡಬೇಕಲ್ಲ, ಆ ಜೀವನ್ ಪ್ರಮಾಣ್ 2014ರಲ್ಲಿ ಆನ್‌ಲೈನ್ ಆದಮೇಲೆ ಇಂಥ ಅಂಗಡಿಗಳಿಗೆ ಇದೂ ಒಂದು ಸೀಸನ್. ಹೊಲ ಮಾಡಿ, ಸರ್ವಿಸ್ ಮಾಡಿ ಸವೆದ ಹೆಬ್ಬೆರಳು ಮಷಿನ್‌ಗೆ ಹತ್ತುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸು, ಒತ್ತು, ಮತ್ತೆ ಒರೆಸು, ಬೇರೆ ಬೆರಳು ಕೊಡು. ಅದೂ ಆಗದಿದ್ದರೆ ಮೊಬೈಲ್‌ನಲ್ಲಿ ಮುಖ ತೋರಿಸು. ಇದೆಲ್ಲ ಆಗುವಷ್ಟರಲ್ಲಿ ಬೆಂಚಿನ ಮೇಲೆ ಕೂತವರು ಯಾವ ಯುನಿಟ್, ಯಾವ ಇಸವಿ, ಎಲ್ಲಿ ಪೋಸ್ಟಿಂಗ್ ಅಂತ ಶುರು ಮಾಡಿರುತ್ತಾರೆ. ಅಂಗಡಿ ನಡೆಸುವ ಹುಡುಗಿಯ ಅಪ್ಪನೂ ಮಿಲಿಟರಿಯಲ್ಲಿದ್ದವರು. ಈ ಮಾತುಗಳನ್ನು ಕೇಳಿ ಕೇಳಿಯೇ ಆಕೆಗೆ ರೆಕಾರ್ಡಿಂಗ್ ಕೆಲಸ ಹೊಳೆದದ್ದಂತೆ.

ಏನು ಮಾಡಿಕೊಡುತ್ತಾರೆ ಅಂದರೆ, ಹಳೇ ಫೋಟೊ ಸ್ಕ್ಯಾನ್ (ಒಂದಕ್ಕೆ 10 ರೂಪಾಯಿ), ತಾಸಿಗೆ 600 ರೂಪಾಯಿಯಂತೆ ಆಡಿಯೊ ಇಲ್ಲವೇ ವಿಡಿಯೊ ರೆಕಾರ್ಡಿಂಗ್, ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಡುವುದು, ಬೇಕಿದ್ದರೆ ಟೈಪ್ ಮಾಡಿ ಫೋಟೊ ಸೇರಿಸಿ ಸಣ್ಣ ಪುಸ್ತಕ. ಎರಡು ಪ್ರತಿಗೆ 1,800 ರೂಪಾಯಿ. ನಾವು ಎಲ್ಲವನ್ನೂ ಮಾಡಿಸಿದೆವು.

ನಮ್ಮಪ್ಪ ಆರ್ಟಿಲರಿ, ಅಂದರೆ ಸೈನ್ಯದ ತೋಪಿನ ದಳ. 1982ರಲ್ಲಿ ಭರ್ತಿ, ಹೈದರಾಬಾದಿನ ಗೋಲ್ಕೊಂಡದಲ್ಲಿ ಟ್ರೈನಿಂಗ್, ಹವಾಲ್ದಾರ್ ಆಗಿ ರಿಟೈರ್. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ದರು, ಬೋಫೋರ್ಸ್ ತೋಪಿನ ಮೇಲೆ. ಇಷ್ಟು ನಮಗೆ ಗೊತ್ತಿತ್ತು. ಇದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ. ಏನು ಕೇಳಿದರೂ "ಹೋಗಿದ್ವಿ, ಬಂದಿವಿ, ಅಷ್ಟೇ" ಅನ್ನುವ ಮನುಷ್ಯ. ಆಗಸ್ಟ್ 15ಕ್ಕೆ ನಮ್ಮೂರ ಶಾಲೆಯಲ್ಲಿ (ಆಳಂದ ಕಡೆ ನಮ್ಮೂರು) ಭಾಷಣ ಮಾಡಿ ಅಂದರೆ ಮಕ್ಕಳಿಗೆ ಹಾಲು ಕುಡೀರಿ, ಓಡ್ರಿ, ಚೆನ್ನಾಗಿ ಓದ್ರಿ ಅಂತ ಹೇಳಿ ಇಳಿದುಬಿಡುತ್ತಾರೆ.

ಈ ಅಂಗಡಿಯವಳ ಜಾಣತನ ಇರುವುದು ಇಲ್ಲೇ. ರೆಕಾರ್ಡಿಂಗ್‌ಗೆ ಅಪ್ಪನನ್ನು ಒಬ್ಬರನ್ನೇ ಕರೆತರಬೇಡಿ, ಜತೆಗೊಬ್ಬ ಮಿಲಿಟರಿಯವರನ್ನು ಕರೆದುಕೊಂಡು ಬನ್ನಿ ಅಂತ ಮೊದಲೇ ಹೇಳುತ್ತಾಳೆ. ಮನೆಯವರು ಹೊರಗೆ ಕೂಡಬೇಕು. ಯುದ್ಧದ ಬಗ್ಗೆ ಮೊದಲು ಒಂದು ಮಾತೂ ಕೇಳುವುದಿಲ್ಲ. ಊಟ ಕೇಳುತ್ತಾಳೆ, ರೈಲು ಕೇಳುತ್ತಾಳೆ, ಟ್ರಂಕಿನಲ್ಲಿ ಏನಿತ್ತು ಅಂತ ಕೇಳುತ್ತಾಳೆ. ಪತ್ರಿಕೆಯವರು, ಟಿವಿಯವರು ಕಾರ್ಗಿಲ್ ದಿನ ಮೈಕ್ ಹಿಡಿದು "ಆ ಕ್ಷಣ ಹೇಗನ್ನಿಸಿತು ಸರ್" ಅಂತ ಕೇಳಿ ಎರಡು ಸಾಲು ತೊಗೊಂಡು ಹೋಗುತ್ತಾರಲ್ಲ, ಅವರೆಲ್ಲ ಒಮ್ಮೆ ಇಲ್ಲಿ ಬಂದು ಕೂತು ನೋಡಬೇಕು.

ಅಪ್ಪನ ಜತೆ ಕೂತದ್ದು ಅವರ ದೋಸ್ತ್. ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಬೆಂಗಳೂರಿನ ಹಲಸೂರು ಸೆಂಟರ್‌ನವರು. ನಾವು ಅವರನ್ನು ಕಾಕಾ ಅಂತೀವಿ. "ಅಲ್ಲಿ ಏನ್ ಉಣ್ತಿದ್ರಿ ಕಾಕಾ?" ಅಂತ ಆಕೆ ಕೇಳಿದ್ದಷ್ಟೇ, ಇಬ್ಬರೂ ಒಟ್ಟಿಗೇ ಶುರು ಮಾಡಿದರು. ದ್ರಾಸ್ ಇರುವುದು ಹತ್ತು ಸಾವಿರ ಅಡಿಗಿಂತ ಮೇಲೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ, ಆದರೆ ಬಿಸಿ ಸಾಲುವುದಿಲ್ಲ. "ಬ್ಯಾಳಿ ಬೇಯಂಗಿಲ್ಲವ್ವಾ ಅಲ್ಲಿ, ಎಷ್ಟ್ ಕುದಿಸಿದ್ರೂ ಕಾಳ್ ಕಾಳೇ, ಕುಕ್ಕರ್ ಇಲ್ಲಂದ್ರ ಉಪಾಸ" ಅಂತ ಅಪ್ಪ. ತೊಗರಿ ನಾಡಿನವರಿಗೆ ಇದಕ್ಕಿಂತ ದೊಡ್ಡ ಕಷ್ಟ ಯಾವುದಿದೆ! ಅವ್ವ ಟ್ರಂಕ್ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತಿದ್ದಳಂತೆ. ಪಂಜಾಬಿನ ಹುಡುಗರು ಆ ರೊಟ್ಟಿಯನ್ನು ಹಪ್ಪಳ ಅಂದುಕೊಂಡು ಚಹಾ ಜತೆ ಕಟಕಟ ಕಡಿದು ಮುಗಿಸಿಬಿಟ್ಟರಂತೆ. ಇದನ್ನು ಅಪ್ಪ ಹೇಳುವಾಗ ಈಗಲೂ ದನಿಯಲ್ಲಿ ಸಿಟ್ಟಿದೆ.

ರೈಲಿನ ಕಥೆಯೂ ಅಷ್ಟೇ ಚೆನ್ನಾಗಿದೆ. ಗುಲಬರ್ಗಾ ಸ್ಟೇಷನ್ನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದಿಲ್ಲಿ, ದಿಲ್ಲಿಯಿಂದ ಜಮ್ಮು ತಾವಿ, ಆಗ ರೈಲು ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಟ್ರಾನ್ಸಿಟ್ ಕ್ಯಾಂಪು, ಅಲ್ಲಿಂದ ಮಿಲಿಟರಿ ಲಾರಿಯಲ್ಲಿ ಶ್ರೀನಗರ, ಜೋಜಿ ಲಾ ಕಣಿವೆ ದಾಟಿ ದ್ರಾಸ್. ಎರಡು ತಿಂಗಳ ವಾರ್ಷಿಕ ರಜೆಯಲ್ಲಿ ದಾರಿಗೇ ಎಷ್ಟು ಹೋಗುತ್ತಿತ್ತು ಅಂತ ಲೆಕ್ಕ ಹಾಕುತ್ತಾ ಇಬ್ಬರೂ ಸುಮಾರು ಹೊತ್ತು ಜಗಳವಾಡಿದ್ದಾರೆ. ಕೇಳಲಿಕ್ಕೆ ಮಜಾ ಇದೆ.

ಯುದ್ಧದ ಮಾತು ತಾನಾಗಿ ಬಂತು. 155 ಮಿಲಿಮೀಟರ್ ತೋಪಿನ ಒಂದು ಶೆಲ್ ಸುಮಾರು 43 ಕೆಜಿ ತೂಗುತ್ತದೆ. ಅಪ್ಪನ ಲೆಕ್ಕದಲ್ಲಿ ತೊಗರಿ ಚೀಲಕ್ಕಿಂತ ಸ್ವಲ್ಪ ಹಗುರ, ಆದರೆ ಚೀಲವನ್ನು ಬೆನ್ನ ಮೇಲೆ ಹಾಕಿಕೊಳ್ಳಬಹುದು, ಇದನ್ನು ಎದೆಗೆ ಅವಚಿಕೊಂಡೇ ತರಬೇಕು. ಲಾರಿಯಿಂದ ಇಳಿಸುವುದು ಕೈಯಲ್ಲೇ, ಅದೂ ಎರಡು ಹೆಜ್ಜೆ ಇಟ್ಟರೆ ಏದುಸಿರು ಬರುವ ಜಾಗದಲ್ಲಿ. ಅಪ್ಪ ತೋಪಿನ ನಂಬರ್ ಒನ್, ಅಂದರೆ ಆ ತೋಪಿನ ತಂಡಕ್ಕೆ ಮುಖ್ಯಸ್ಥ. ಗುಡ್ಡದ ಮೇಲೆ ಹತ್ತುವ ಪದಾತಿ ದಳದವರ ತಲೆ ಮೇಲಿಂದಲೇ ಶೆಲ್ ಹಾರಿಸಬೇಕು. ಒಂದು ಚೂರು ಲೆಕ್ಕ ತಪ್ಪಿದರೆ ನಮ್ಮವರ ಮೇಲೇ ಬೀಳುತ್ತದೆ. "ಹೊಡಿಯೋದಕ್ಕಿಂತ ನಿಲ್ಸೋದು ಕಷ್ಟ ಇತ್ತು. ವೈರ್‌ಲೆಸ್‌ದಾಗ ಸ್ಟಾಪ್ ಅಂತ ಬಂದದ್ದು ಕಿವಿಗೆ ಬೀಳ್ಬೇಕಲ್ಲ" ಅಂದಿದ್ದಾರೆ. ಅಪ್ಪನಿಗೆ ಎಡಗಿವಿ ಮಂದ. ಮನೆಯಲ್ಲಿ ನಾವೆಲ್ಲ ಟಿವಿ ಸೌಂಡ್ ಬಗ್ಗೆ ಗೊಣಗುತ್ತಲೇ ಬಂದಿದ್ದೇವೆ. ಅದು ಎಲ್ಲಿ ಹೋಯಿತು, ಹೇಗೆ ಹೋಯಿತು ಅಂತ ಅವರ ಬಾಯಿಂದಲೇ ಕೇಳಿದ್ದು ಈ ಪೆನ್‌ಡ್ರೈವ್‌ನಲ್ಲಿ.

ಕಾಕಾನ ಭಾಗ ಬೇರೆಯೇ ತರಹ. ಅವರು 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿದ್ದವರು, ಜಾಫ್ನಾದಲ್ಲಿ. ಹಲಸೂರಿನಲ್ಲಿ ತಂಬಿಗಳ (ಆ ಗ್ರೂಪಿನ ಸೈನಿಕರನ್ನು ಹಾಗೇ ಕರೆಯುತ್ತಾರೆ) ಜತೆ ಇದ್ದು ತಮಿಳು ಕಲಿತಿದ್ದರು. ಹಾಗಾಗಿ ಅಲ್ಲಿಯ ಮುದುಕಿಯರು ಬಯ್ಯುವುದೂ ಅರ್ಥವಾಗುತ್ತಿತ್ತು, ನೀರು ಕೊಡಲಾ ಅಂತ ಕೇಳುವುದೂ ಅರ್ಥವಾಗುತ್ತಿತ್ತು. ಅವರ ಕೆಲಸ ರಸ್ತೆಯಲ್ಲಿ ಹುದುಗಿಸಿಟ್ಟ ಬಾಂಬ್ ಹುಡುಕುವುದು. ಸಣ್ಣ ಮೋರಿ ಕಂಡರೂ ಇಳಿದು ಕೆಳಗೆ ನೋಡಬೇಕು, ಹೊಸ ಮಣ್ಣು ಇದೆಯಾ, ಎಲ್ಲಾದರೂ ವೈರ್ ಹೋಗಿದೆಯಾ ಅಂತ. ಮುಂದಿನವನು ಹೆಜ್ಜೆ ಇಟ್ಟ ಜಾಗದಲ್ಲೇ ಹಿಂದಿನವನು ಇಡಬೇಕು. ಇವತ್ತಿಗೂ ಕಾಕಾ ಹೊಲದ ಬದುವಿನ ಮೇಲೆ ನೆಲ ನೋಡಿಕೊಂಡೇ ನಡೆಯುತ್ತಾರೆ, ನಾವು ಅದಕ್ಕೆ ಏನೋ ಕಳೆದುಕೊಂಡಿದ್ದಾರೆ ಅಂತ ತಮಾಷೆ ಮಾಡುತ್ತಿದ್ದೆವು. ಮುಂದೆ ಹೋಗುತ್ತಿದ್ದ ಒಬ್ಬ ಸಂಗಾತಿಯ ಹೆಸರು ಹೇಳಿ ಅಲ್ಲಿಗೆ ನಿಲ್ಲಿಸಿದ್ದಾರೆ. ಅಂಗಡಿಯವಳು ಏನೂ ಕೇಳಿಲ್ಲ. ಎಡಿಟ್ ಮಾಡುವಾಗ ಆ ಜಾಗ ಕತ್ತರಿಸಿಯೂ ಇಲ್ಲ, ಒಳ್ಳೆಯದು ಮಾಡಿದಳು. ಆಮೇಲೆ ಅಪ್ಪನೇ "ವಾಪಸ್ ಬರುವಾಗ ಹಡಗಿನ್ಯಾಗ ಬಂದ್ರಿ, ಹೌದಿಲ್ಲೋ?" ಅಂತ ಮಾತು ತಿರುಗಿಸಿದರು.

ಅಲ್ಲಿಂದ ಮುಂದಿನ ಭಾಗಕ್ಕೇ ನಾನು 600 ರೂಪಾಯಿ ಕೊಡಲು ತಯಾರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದ್ರಾಸ್ ಬಂದರಿಗೆ ಬಂದಾಗ ಅಲ್ಲಿಯ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಬರಲಿಲ್ಲ. ಆ ಕಾರ್ಯಾಚರಣೆಯಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತಿದ್ದರು. ಕಾರ್ಗಿಲ್‌ನಲ್ಲಿ ಸತ್ತವರು ಐನೂರಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಅಪ್ಪನಿಗೆ ಶಾಲು ಹೊದಿಸುತ್ತಾರೆ, ಕಾಕಾ ಆಡಿಯನ್ಸ್‌ನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಾರೆ. "ನಿಮಗ ಸ್ಟೇಷನ್ದಾಗ ಹಾರ ಹಾಕಿದ್ರು. ನಾ ಬಂದಾಗ ಹಮಾಲ ಸೈತ ಮಾತಾಡ್ಸಿಲ್ಲ" ಅಂತ ಕಾಕಾ ನಗುತ್ತಲೇ ಅಂದಿದ್ದಾರೆ. ಅಪ್ಪ ನಕ್ಕಿಲ್ಲ. "ನಮ್ಮದು ಟಿವಿಯಾಗ ಬಂತು, ನಿಮ್ಮದು ಬರ್ಲಿಲ್ಲ, ಅಷ್ಟೇ ಫರಕ್" ಅಂದಿದ್ದಾರೆ. ಮನೆಯಲ್ಲಿ ಮಗನ ಮುಂದೆ ಇಂಥ ಮಾತು ಬರುವುದಿಲ್ಲ, ಎಷ್ಟು ವರ್ಷ ಕಾದರೂ.

ಇನ್ನು ತಕರಾರುಗಳು.

ಪುಸ್ತಕ. ಟೈಪ್ ಮಾಡಿದವರು ಯಾರೋ ಗೊತ್ತಿಲ್ಲ, ಅಪ್ಪನ ಮಾತನ್ನೆಲ್ಲ ಶಾಲೆಯ ಪಾಠದ ಹಾಗೆ ತಿದ್ದಿಬಿಟ್ಟಿದ್ದಾರೆ. "ಬ್ಯಾಳಿ ಬೇಯಂಗಿಲ್ಲ" ಹೋಗಿ "ಬೇಳೆಯು ಬೇಯುತ್ತಿರಲಿಲ್ಲವು" ಆಗಿದೆ. ಓದಿದರೆ ಯಾರೋ ಅಧಿಕಾರಿ ವರದಿ ಬರೆದ ಹಾಗಿದೆ. ಜತೆಗೆ ನಾವು ಕೇಳದೇ ಇದ್ದರೂ ಇಂಟರ್‌ನೆಟ್‌ನಿಂದ ಕಾರ್ಗಿಲ್ ಇತಿಹಾಸ ಅಂತ ನಾಲ್ಕು ಪುಟ ತಂದು ತುಂಬಿದ್ದಾರೆ, ಅದರಲ್ಲೂ ತಪ್ಪು. ದ್ರಾಸ್ ಬಳಿಯ ಟೈಗರ್ ಹಿಲ್ ಗುಡ್ಡ ಗೆದ್ದದ್ದು ಜುಲೈ 26 ಅಂತ ಹಾಕಿದ್ದಾರೆ. ಅದು ವಿಜಯ ದಿವಸದ ತಾರೀಖು. ಟೈಗರ್ ಹಿಲ್ ನಮ್ಮ ಕೈಗೆ ಬಂದದ್ದು ಜುಲೈ 4. ಅಪ್ಪ ಪುಟ ತೆಗೆದ ಕೂಡಲೇ ಬೆರಳಿಟ್ಟರು, "ಆ ರಾತ್ರಿ ನಮ್ಮ ತೋಪಿಗೆ ನಿದ್ದಿನೇ ಇದ್ದಿಲ್ಲ, ನನಗ ತಾರೀಖ ಹೇಳ್ತಾರ" ಅಂತ. ಅಂಗಡಿಯವಳು ಬೇಜಾರು ಮಾಡಿಕೊಳ್ಳದೆ ಆ ಹಾಳೆ ಬದಲಿಸಿ ಕೊಟ್ಟಳು. ಆದರೂ ಪುಸ್ತಕ ಮಾಡಿಸುವವರು ಪ್ರಿಂಟಿಗೆ ಮೊದಲು ಒಮ್ಮೆ ತರಿಸಿ ಓದಿ, ಮಾತು ಹೇಗಿದೆಯೋ ಹಾಗೇ ಇರಲಿ ಅಂತ ಬರೆದುಕೊಡಿ.

ಎರಡನೆಯದು, ಹೆಂಡತಿಯರನ್ನು ಅವರು ಕೂರಿಸುವುದೇ ಇಲ್ಲ. ನಾವೇ ಕೇಳಿ ಕೊನೆಗೆ ಅವ್ವನ ಕೈಗೆ ಮೈಕ್ ಕೊಡಿಸಿದೆವು. 1999ರ ಆ ಬೇಸಿಗೆಯಲ್ಲಿ ಮನೆಯಲ್ಲಿ ಫೋನ್ ಇರಲಿಲ್ಲ. 56 ಎಪಿಒ (ಸೈನ್ಯದ ಅಂಚೆ ಕಚೇರಿಯ ನಂಬರ್) ಅಂತ ವಿಳಾಸ ಬರೆದ ಇನ್‌ಲ್ಯಾಂಡ್ ಲೆಟರ್ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಅವ್ವನಿಗೆ ಗೊತ್ತಿಲ್ಲ, ಆ ನಂಬರಿನಲ್ಲಿ ಊರಿನ ಹೆಸರೇ ಇರುವುದಿಲ್ಲವಲ್ಲ. ಬಂದ ಪತ್ರ ಓದಿಸಲು ಮಾಸ್ತರ ಮನೆಗೆ ಹೋಗಬೇಕು. ಮಾಸ್ತರರು ಓದುತ್ತಾ ಓದುತ್ತಾ ಒಂದು ಕಡೆ ಸಾಲು ಬಿಟ್ಟದ್ದು ಅವ್ವನಿಗೆ ಗೊತ್ತಾಯಿತಂತೆ. "ಆ ಸಾಲಿನ್ಯಾಗ ಏನ್ ಬರ್ದಿದ್ರಿ?" ಅಂತ ರೆಕಾರ್ಡಿಂಗ್‌ನಲ್ಲೇ ಅಪ್ಪನನ್ನು ಹಿಡಿದು ಕೇಳಿದ್ದಾಳೆ. ಅಪ್ಪ ಹೇಳಿಲ್ಲ. ನನ್ನ ಪ್ರಕಾರ ಇಡೀ ರೆಕಾರ್ಡಿಂಗ್‌ನ ತೂಕ ಅವ್ವನ ಆ ಹತ್ತು ನಿಮಿಷದಲ್ಲಿದೆ. ಅದನ್ನು ಪ್ಯಾಕೇಜಿನಲ್ಲೇ ಸೇರಿಸಬೇಕು, ಬೇಕಿದ್ದರೆ ನೂರು ರೂಪಾಯಿ ಜಾಸ್ತಿ ತೊಗೊಳ್ಳಲಿ.

ಕಾಗದ ಪತ್ರಗಳ ವಿಷಯದಲ್ಲಿ ಹುಷಾರು. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶದ ಕಾಗದ) ಯಾವುದನ್ನೂ ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಎದುರಿಗೇ ಸ್ಕ್ಯಾನ್ ಮಾಡಿಸಿ ತೊಗೊಂಡು ಬನ್ನಿ. ಆಕೆಯೂ ಅದನ್ನೇ ಹೇಳುತ್ತಾಳೆ. ಪಿಂಚಣಿ, ಮಾಜಿ ಸೈನಿಕರ ಇಸಿಎಚ್‌ಎಸ್ ದವಾಖಾನೆ, ನಾಳೆ ಅವ್ವನ ಹೆಸರಿಗೆ ಬರಬೇಕಾದ ಫ್ಯಾಮಿಲಿ ಪಿಂಚಣಿ, ಎಲ್ಲದಕ್ಕೂ ಅವೇ ಬೇಕು. ರೆಕಾರ್ಡಿಂಗ್ ಶುರುವಾಗುವ ಮೊದಲು ಗುಟ್ಟಿನ ವಿಷಯ, ಈಗಿನ ಪೋಸ್ಟುಗಳ ಜಾಗ ಯಾವುದನ್ನೂ ಹೇಳಬೇಡಿ ಅಂತಲೂ ಎಚ್ಚರಿಸುತ್ತಾಳೆ. ಮಾಜಿ ಸೈನಿಕರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೆ ಕೇಳುವ ಮೊಮ್ಮಕ್ಕಳಿಗೆ ಹೇಳಬೇಕು.

ಜಾಗ ಇಕ್ಕಟ್ಟು. ಹಿಂದಿನ ಕೋಣೆಯಲ್ಲಿ ರೆಕಾರ್ಡ್ ಮಾಡುವಾಗ ಫ್ಯಾನ್ ಬಂದ್ ಮಾಡುತ್ತಾರೆ, ನಮ್ಮ ಏಪ್ರಿಲ್ ಮೇ ಬಿಸಿಲಲ್ಲಿ ಮುದುಕರಿಗೆ ಅದು ಆಗುವುದಿಲ್ಲ, ಬೆಳಿಗ್ಗೆ ಎಂಟಕ್ಕೇ ಬರುತ್ತೇವೆ ಅಂತ ಹೇಳಿಟ್ಟುಕೊಳ್ಳಿ. ಅಪ್ಪ ಜೋರಾಗಿ ಮಾತಾಡುವುದರಿಂದ ಶುರುವಿನಲ್ಲಿ ದನಿ ಒಡೆದಿದೆ, ಆಮೇಲೆ ಮೈಕ್ ದೂರ ಸರಿಸಿದ್ದಾಳೆ. ಪಾರ್ಕಿಂಗ್ ಬಗ್ಗೆ ಕೇಳಲೇಬೇಡಿ.

ಮತ್ತೆ ಫೋಟೊ. ಸ್ಕ್ಯಾನ್ ಚೆನ್ನಾಗಿದೆ, ಗೆದ್ದಲು ತಿಂದ ಅಂಚನ್ನೂ ಸರಿ ಮಾಡಿದ್ದಾರೆ. ಆದರೆ ಹಳೇ ಕಪ್ಪು ಬಿಳುಪು ಫೋಟೊಗೆ ಕಂಪ್ಯೂಟರ್‌ನಿಂದ ಬಣ್ಣ ಹಾಕುವ ಆಫರ್ ಒಂದಿದೆ, ಅದಕ್ಕೆ ಒಪ್ಪಬೇಡಿ. ಗೋಲ್ಕೊಂಡದ ಟ್ರೈನಿಂಗ್ ಫೋಟೊದಲ್ಲಿ ಅಪ್ಪನ ಯೂನಿಫಾರ್ಮ್ ನೀಲಿ ಬಣ್ಣಕ್ಕೆ ಬಂದಿದೆ. ಅಪ್ಪ ಅದನ್ನು ಕಾಕಾನಿಗೆ ತೋರಿಸಿದರು. ಕಾಕಾ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಏರ್‌ಫೋರ್ಸಿಗೆ ಯಾವಾಗ ಬದಲಿ ಆದ್ರಿ ಹವಾಲ್ದಾರ್ ಸಾಬ್?" ಅಂದರು. ಆ ಫೋಟೊಗೆ ತೊಗೊಂಡಿದ್ದ 50 ರೂಪಾಯಿ ವಾಪಸ್ ಕೊಟ್ಟಿದ್ದಾಳೆ.